ಶಿರಸಿಯಲ್ಲಿ 24 ಗಂಟೆ ನಡೆಯುವ ಆಫೀಸು: ಜಾಗ ಹೇಗೆ ಹಂಚೋದು? ಅನುಭವ ಇದ್ದವರು ಹೇಳಿ

ವಖಾರಿ ಮಹಡಿ, ಶಿರಸಿ

ನಮಸ್ಕಾರ. ಅಮೆರಿಕದ ಆಸ್ಪತ್ರೆಗಳ ಬಿಲ್ಲು, ವಿಮೆ ಕ್ಲೇಮು ನೋಡುವ ಸಣ್ಣ ಕಂಪನಿ ನಮ್ಮದು. ಹುಬ್ಬಳ್ಳಿಯಿಂದ ಶಿರಸಿಗೆ ಬರುತ್ತಿದ್ದೇವೆ. ಕೆಲಸ ಮಾಡುವವರಲ್ಲಿ ಮುಕ್ಕಾಲು ಪಾಲು ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ ಕಡೆಯವರೇ. ಒಟ್ಟು 64 ಜನ. ಹಗಲು 18, ಸಂಜೆ ಆರೂವರೆಯಿಂದ ರಾತ್ರಿ ಎರಡೂವರೆವರೆಗೆ 32, ಅಲ್ಲಿಂದ ಬೆಳಗಿನವರೆಗೆ 14.

ಸಿಕ್ಕಿರುವುದು ಹಳೇ ಅಡಿಕೆ ವಖಾರಿ. ಚಿರೆಕಲ್ಲಿನ ಗಟ್ಟಿ ಕಟ್ಟಡ. ಮೇಲಿನ ಮಹಡಿಯಲ್ಲಿ 36 ಸೀಟು ಹಾಕಿ ಮೂರೂ ಪಾಳಿಯವರು ಅವನ್ನೇ ಹಂಚಿಕೊಳ್ಳುವುದು, ಕೆಳಗಿನ ಗೋದಾಮಿನಲ್ಲಿ ಊಟದ ಕೋಣೆ, ಜನರೇಟರ್, ಬೈಕ್ ನಿಲ್ಲಿಸುವ ಜಾಗ ಮಾಡುವುದು ಅಂತ ಯೋಚನೆ. ಬೆಂಗಳೂರಿನವರೊಬ್ಬರು ಡಿಸೈನ್ ಕಳಿಸಿದ್ದಾರೆ. ನೆಲಕ್ಕೆಲ್ಲ ಕಾರ್ಪೆಟ್, ಮೂಲೆಯಲ್ಲಿ ಬೀನ್ ಬ್ಯಾಗ್, ಗೋಡೆ ಮೇಲೆ ದೊಡ್ಡದಾಗಿ 'ಕನಸು ಕಾಣಿ' ಅಂತ ಬರಹ. ರಾತ್ರಿ ಪಾಳಿಯವರಿಗೆ ಅದನ್ನು ಓದಿದರೆ ಸಿಟ್ಟೇ ಬರಬಹುದು.

ನಮ್ಮಲ್ಲಿ ಒಬ್ಬರು ಗಾಲಿಕುರ್ಚಿ ಬಳಸುತ್ತಾರೆ. ಒಬ್ಬರಿಗೆ ಕಿವಿ ಕೇಳಿಸುವುದಿಲ್ಲ. ಆರೇಳು ಜನರಿಗೆ ಚಿಕ್ಕ ಮಕ್ಕಳಿದ್ದಾರೆ. ಪಾಳಿಯಲ್ಲಿ ದುಡಿದವರು, ಇಂಥ ಜಾಗ ಕಟ್ಟಿಸಿದವರು ಇದ್ದರೆ ದಯವಿಟ್ಟು ಹೇಳಿ. ಬಜೆಟ್ ಕಡಿಮೆ, ಇದನ್ನೂ ಗಮನದಲ್ಲಿಡಿ.

ಕೋಡಿಬಾಗದ ಸಿಸ್ಟರ್, ಕಾರವಾರ

ಬೇಜಾರು ಮಾಡಿಕೊಳ್ಳಬೇಡಿ, ಈ ಪ್ಲಾನು ಬೆಳಗ್ಗೆ ಹತ್ತಕ್ಕೆ ಬರುವವರಿಗೆ ಮಾಡಿದ್ದು. ಬೆಳಗಿನ ಜಾವ ಮೂರೂವರೆಗೆ ಅಲ್ಲಿರುವ ಆ 14 ಜನರಿಂದ ಶುರು ಮಾಡಿ. ಅವರಿಗೆ ಸರಿಹೋದರೆ ಉಳಿದವರಿಗೆ ತಾನಾಗಿಯೇ ಸರಿಹೋಗುತ್ತದೆ. ಉಲ್ಟಾ ಮಾಡಿದರೆ ಆಗಲ್ಲ.

ನಾನು ಹಿಂದೆ ಇದ್ದ ಒಂದು ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿಯವರಿಗೆ ಅಂತಲೇ ವಿಶ್ರಾಂತಿ ಕೋಣೆ ಇತ್ತು. ಒಳ್ಳೇ ಮಂಚ, ಫ್ಯಾನು, ಎಲ್ಲಾ. ಕೀಲಿ ಮಾತ್ರ ಹಗಲಿನ ಕ್ಲರ್ಕ್ ಹತ್ತಿರ. ಅವರು ಐದೂವರೆಗೆ ಬೀಗ ಹಾಕಿ ಮನೆಗೆ ಹೋಗುತ್ತಿದ್ದರು! ಕೇಳಿದರೆ "ಸಾಮಾನು ಕಳುವಾದರೆ ಯಾರು ಹೊಣೆ?" ಅಂತ ಉತ್ತರ. ಕಟ್ಟಡದಲ್ಲಿ ಏನಿದೆ ಅನ್ನುವುದಕ್ಕಿಂತ ರಾತ್ರಿ ಎರಡಕ್ಕೆ ಯಾವ ಬಾಗಿಲು ತೆಗೆದಿರುತ್ತದೆ ಅಂತ ನೋಡಬೇಕು.

ಶೌಚಾಲಯವೂ ಹಾಗೇ. ಎಲ್ಲಾ ಕಡೆ ಬೆಳಗ್ಗೆ ಎಂಟಕ್ಕೆ ಒಮ್ಮೆ ತೊಳೆಯುತ್ತಾರೆ. ನಡುರಾತ್ರಿ ಹೊತ್ತಿಗೆ ಸೋಪು ಖಾಲಿ, ಡಬ್ಬ ತುಂಬಿರುತ್ತದೆ, ನೆಲ ಒದ್ದೆ. ನಿಮ್ಮಲ್ಲಿ ಜಾಸ್ತಿ ಜನ ಇರುವುದು ಸಂಜೆ ಪಾಳಿಯಲ್ಲಿ. ಹಾಗಾದರೆ ತೊಳೆಯುವವರು ರಾತ್ರಿ ಎರಡೂವರೆಗೆ ಬೇಕು, ಅಲ್ವಾ? ಕುರ್ಚಿ, ಕೀಬೋರ್ಡು ಹಂಚಿಕೊಳ್ಳುವುದಾದರೆ ಅವನ್ನೂ ಪ್ರತಿ ಪಾಳಿ ಬದಲಾಗುವಾಗ ಒರೆಸಲೇಬೇಕು. ಹೆಡ್‌ಸೆಟ್ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟುಬಿಡಿ. ಕಿವಿ ಸೋಂಕು ಒಬ್ಬರಿಂದ ಹತ್ತು ಜನಕ್ಕೆ ದಾಟಿದ್ದನ್ನು ನೋಡಿದ್ದೇನೆ.

ಪಾಳಿ ಮುಗಿಸಿದವ, ಕಾರವಾರ

ಸಿಸ್ಟರ್ ಹೇಳಿದ್ದು ಸರಿ. ನಾನು ವಿದ್ಯುತ್ ಕೇಂದ್ರದ ಕಂಟ್ರೋಲ್ ರೂಮಿನಲ್ಲಿ ಕೂತು ನಿವೃತ್ತನಾದವ.

ಕೈಗಾ ಅಣುವಿದ್ಯುತ್ ಕೇಂದ್ರದ ಒಂದನೇ ಘಟಕ 2016ರ ಮೇ ತಿಂಗಳಲ್ಲಿ ಶುರುವಾಗಿ 2018ರ ಡಿಸೆಂಬರ್ 31ರವರೆಗೆ, 962 ದಿನ ನಿಲ್ಲದೆ ಓಡಿತು. ಆಗ ಅದು ವಿಶ್ವದಾಖಲೆ. ಪೇಪರಿನಲ್ಲಿ ಯಂತ್ರದ ಬಗ್ಗೆ ಬಂತು. ಆದರೆ ಅಷ್ಟೂ ದಿನ ಒಂದು ತಂಡ ಎದ್ದು ಇನ್ನೊಂದು ತಂಡ ಕೂರುತ್ತಾ ಇತ್ತು. ಪಾಳಿ ಕೆಲಸದ ಜೀವ ಇರುವುದು ಆ ಎದ್ದು ಕೂರುವ ಹೊತ್ತಿನಲ್ಲಿ. ಹೋಗುವವ ಬರುವವನಿಗೆ ಏನಾಗಿದೆ, ಏನು ಬಾಕಿ ಇದೆ ಅಂತ ಹೇಳಿ, ಬರೆದು, ಸಹಿ ಹಾಕಿ ಹೋಗಬೇಕು. ನಿಮ್ಮ 36 ಸೀಟಿನ ಲೆಕ್ಕದಲ್ಲಿ ಇದಕ್ಕೆ ಜಾಗ ಎಲ್ಲಿದೆ? ಎರಡೂವರೆಗೆ 32 ಜನ ಏಳುವ ಮೊದಲೇ 14 ಜನ ಬಂದಿರುತ್ತಾರೆ. ಒಟ್ಟು 46. ಹತ್ತು ಜನ ಗೋಡೆಗೆ ಒರಗಿ ನಿಲ್ಲಬೇಕಾಗುತ್ತದೆ. ಬಾಗಿಲ ಹತ್ತಿರ ಎರಡು ಎತ್ತರದ ಮೇಜು ಹಾಕಿ, ಅಲ್ಲೇ ನಿಂತು ಹಸ್ತಾಂತರ ಮುಗಿಸಲಿ. ಕಿವಿ ಕೇಳದವರಿಗೂ ಬರವಣಿಗೆಯ ಹಸ್ತಾಂತರವೇ ಒಳ್ಳೇದು.

ಇನ್ನು ಬೆಳಕು. ಮೇಜಿನ ಮೇಲೆ 500 ಲಕ್ಸ್ ಅನ್ನುವುದು ಆಫೀಸಿಗೆ ಎಲ್ಲರೂ ಹೇಳುವ ಅಳತೆ. ರಾತ್ರಿಗೆ ಅಷ್ಟೇ ಸಾಲದು. ಪಾಳಿಯ ಮೊದಲರ್ಧ ಬೆಳಕು ಚೆನ್ನಾಗಿರಲಿ, ನಿದ್ದೆ ದೂರ ಇರುತ್ತದೆ. ಕೊನೆಯ ಒಂದೆರಡು ತಾಸು ಸ್ವಲ್ಪ ತಗ್ಗಿಸಿ, ಹಳದಿ ಕಡೆಗೆ ತನ್ನಿ. ಇಲ್ಲದಿದ್ದರೆ ಮನೆಗೆ ಹೋಗಿ ಮಲಗಿದರೆ ಕಣ್ಣು ಮುಚ್ಚುವುದಿಲ್ಲ. ದೇಹದ ಉಷ್ಣ ತೀರಾ ಕೆಳಗಿಳಿಯುವುದು ಬೆಳಗಿನ ಜಾವ ನಾಲ್ಕರ ಆಸುಪಾಸು. ತಪ್ಪುಗಳು ಆಗುವುದೂ ಆಗಲೇ. ಮೈಯೊಳಗಿನ ಈ ಗಡಿಯಾರ ಹೇಗೆ ನಡೆಯುತ್ತದೆ ಅಂತ ತೋರಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂದಿದೆ. ಸುಮ್ನೆ ಅಜ್ಜಿಕತೆ ಅಲ್ಲ.

ಪಾಳಿ ಬದಲಿಸುವಾಗ ಹಗಲು, ಸಂಜೆ, ರಾತ್ರಿ ಈ ಕ್ರಮದಲ್ಲಿ ಮುಂದಕ್ಕೆ ಹೋಗಲಿ. ಹಿಂದಕ್ಕೆ ತಿರುಗಿಸಿದರೆ ಮೈ ಒಗ್ಗುವುದಿಲ್ಲ. ಇನ್ನೊಂದು. ಸ್ವಿಚ್ಚು ಮತ್ತು ಏಸಿ ತುಂಡುತುಂಡಾಗಿ ಇರಲಿ. 36 ಜನರ ಏಸಿಯನ್ನು 14 ಜನಕ್ಕೆ ಹಾಕಿದರೆ ಶಿರಸಿಯ ಡಿಸೆಂಬರಿನಲ್ಲಿ ಕಂಬಳಿ ಹೊದ್ದು ಕೆಲಸ ಮಾಡಬೇಕಾಗುತ್ತದೆ.

ಘಟ್ಟದ ಮೇಲಿನವ

64 ಜನರ ಆಫೀಸಿಗೆ ಇಷ್ಟೆಲ್ಲಾ ಬೇಕಾ ಮಾರಾಯ್ರೇ? ಲ್ಯಾಪ್‌ಟಾಪು ಕೊಟ್ಟು ಮನೆಯಿಂದ ಮಾಡಿ ಅಂದರೆ ಮುಗೀತು. ಬಾಡಿಗೆಯೂ ಇಲ್ಲ, ಕಮೋಡೂ ಇಲ್ಲ.

ಎರಡು ಮಕ್ಕಳ ತಾಯಿ, ಯಲ್ಲಾಪುರ

@ಘಟ್ಟದ ಮೇಲಿನವ, ನೀವು ಮನೆಯಲ್ಲಿ ರಾತ್ರಿ ಪಾಳಿ ಮಾಡಿ ಹಗಲು ಮಲಗಿ ನೋಡಿದ್ದೀರಾ? ಕೊನೆಕೊಯ್ಲಿನ ಸಮಯದಲ್ಲಿ ನಮ್ಮ ಮನೆ ಅಂಗಳದಲ್ಲಿ ಅಡಿಕೆ ಸುಲಿಯುವವರು, ಆಸರಿಗೆ (ಕುಡಿಯಲು) ಕೊಡು ಅಂತ ಕೂಗು, ಮಿಕ್ಸಿ, ನಾಯಿ. ಅತ್ತೆಗೆ ನಾನು ಬೆಳಗ್ಗೆ ಒಂಬತ್ತಕ್ಕೆ ಮಲಗುವುದು ಅಂದರೆ ಸೋಮಾರಿತನ. ತಪ್ಪು ಅವರದ್ದಲ್ಲ, ಅವರು ಜನ್ಮದಲ್ಲಿ ಹಗಲು ಮಲಗಿದವರಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಬರಲು ಮೂರು ದಿನವೂ ಆಗಬಹುದು, ನೆಟ್ಟು ಅದಕ್ಕೂ ಆಮೇಲೆ. ರೋಗಿಗಳ ಕಡತವನ್ನು ಜಗಲಿಯಲ್ಲಿ ಕೂತು ತೆರೆಯಲು ಕ್ಲೈಂಟೂ ಒಪ್ಪಲ್ಲ.

ನನಗೆ ಆಫೀಸು ಬೇಕು. ಬೇಡದ್ದು ಎಲ್ಲರಿಗೂ ಒಂದೇ ಅಳತೆ. ಮಗುವಿಗೆ ಹಾಲು ಕೊಡುವವಳು ನಾಲ್ಕು ತಾಸಿನ ಅರ್ಧ ಪಾಳಿ ಮಾಡುವಂತಿರಲಿ. ಕೊಯ್ಲಿನ ತಿಂಗಳಲ್ಲಿ ಪಾಳಿ ಅದಲುಬದಲು ಮಾಡಿಕೊಳ್ಳಲು ಬಿಡಿ. ಕೂಸಿನ ಮನೆ ಬಗ್ಗೆ ಸರ್ ಏನೂ ಬರೆದಿಲ್ಲ. 50 ಅಥವಾ ಹೆಚ್ಚು ಜನ ಇರುವ ಸಂಸ್ಥೆ ಅದನ್ನು ಮಾಡಲೇಬೇಕು, 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಲ್ಲೇ ಬಂದ ನಿಯಮ. ದಿನಕ್ಕೆ ನಾಲ್ಕು ಸಲ ತಾಯಿ ಹೋಗಿ ಮಗು ನೋಡಲೂ ಅವಕಾಶ ಕೊಡಬೇಕು. ನೀವು 64 ಜನ!

ರಾತ್ರಿ ಕ್ಯಾಬ್, ಕುಮಟಾ

ಡಿಸೈನು ಗೊತ್ತಿಲ್ಲ, ರಸ್ತೆ ಗೊತ್ತು.

ರಾತ್ರಿ ಎರಡೂವರೆಗೆ 32 ಜನರನ್ನು ಮನೆಗೆ ಬಿಡಬೇಕಾಗುತ್ತದಲ್ಲ, ಅವರಲ್ಲಿ ಎಷ್ಟು ಜನರ ಮನೆ ಡಾಂಬರು ರಸ್ತೆ ಮೇಲಿದೆ? ಶಿರಸಿ, ಸಿದ್ದಾಪುರ ಕಡೆ ಮನೆ ಅಂದರೆ ತೋಟದ ಒಳಗೆ. ಕ್ಯಾಬ್ ಕ್ರಾಸಿನಲ್ಲಿ ನಿಲ್ಲುತ್ತದೆ, ಅಲ್ಲಿಂದ ಟಾರ್ಚ್ ಹಿಡಿದು ಸಂಕ (ಕಾಲುಸೇತುವೆ) ದಾಟಿ ನಡೆಯಬೇಕು. ಮಳೆಗಾಲದಲ್ಲಿ ಅಡಿಕೆ ಮರದ ಸಂಕ ಹಾವಸೆ ಕಟ್ಟಿರುತ್ತದೆ. ಮನೆ ಬಾಗಿಲಿಗೆ ಬಿಡಬೇಕು ಅಂತ ಕಂಪನಿ ನಿಯಮ ಇರುತ್ತದೆ, ಕಾರು ಆ ಬಾಗಿಲಿಗೆ ಹೋಗುವುದೇ ಇಲ್ಲ.

ಹಾಗಾಗಿ ಎರಡೂವರೆಗೆ ಮುಗಿದವರು ಬೆಳಕು ಹರಿಯುವವರೆಗೆ ಆಫೀಸಿನಲ್ಲೇ ಮಲಗಿ, ಆರು ಗಂಟೆಯ ಬಸ್ಸಿಗೆ ಹೋಗುವಂತೆ ವ್ಯವಸ್ಥೆ ಮಾಡಿ. ಹೆಂಗಸರಿಗೆ ಬೇರೆ ಕೋಣೆ, ಒಳಗಿಂದ ಚಿಲಕ. ನನಗೆ ಟ್ರಿಪ್ಪು ಕಡಿಮೆಯಾಗುತ್ತದೆ, ಆದರೂ ಹೇಳುತ್ತೇನೆ.

ಕುಮಟಾ, ಹೊನ್ನಾವರದವರನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇವಿಮನೆ ಘಟ್ಟ ಹತ್ತಿಸಲೇ ಬೇಡಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಾಗ ಅಂಕೋಲಾ ಕಡೆಯ ಓಡಾಟವೇ ನಿಂತಿತು. ಮುಂದಿನ ತಿಂಗಳು 7ಕ್ಕೆ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಕುಮಟಾದಲ್ಲಿ ಒಂದು ಸಣ್ಣ ಕೋಣೆ, ಆರು ಸೀಟು ಹಾಕಿ. ಘಟ್ಟ ಬಂದ್ ಆದ ದಿನ ಅಲ್ಲೇ ಕೆಲಸ.

ಇನ್ನೊಂದು, ಅಮೆರಿಕದ ಟೈಮು. ಮಾರ್ಚ್ ಎರಡನೇ ಭಾನುವಾರ ಅವರು ಗಡಿಯಾರ ಮುಂದೆ ಇಡುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದೆ. ನ್ಯೂಯಾರ್ಕಿನ ಬೆಳಗಿನ ಒಂಬತ್ತು ನಮಗೆ ಬೇಸಿಗೆಯಲ್ಲಿ ಸಂಜೆ ಆರೂವರೆ, ಚಳಿಯಲ್ಲಿ ಏಳೂವರೆ. ನಿಮ್ಮ ಎರಡೂವರೆ ಆಗ ಮೂರೂವರೆ ಆಗುತ್ತದೆ. ಕ್ಯಾಬು, ಕ್ಯಾಂಟೀನು, ತೊಳೆಯುವವರು ಎಲ್ಲರಿಗೂ ಮೊದಲೇ ಹೇಳಿಡಿ. ಪ್ರತಿ ವರ್ಷ ಒಂದು ವಾರ ಗೊಂದಲ ನಡೆಯುತ್ತದೆ.

ಬಡಗುತಿಟ್ಟು ಪ್ರೇಮಿ

ಮಲಗುವ ಕೋಣೆ ಅಂದ ಕೂಡಲೇ ಮ್ಯಾನೇಜರುಗಳು ಮೂಗು ಮುರಿಯುತ್ತಾರೆ. ಯಕ್ಷಗಾನ ಮೇಳದ ಚೌಕಿ (ಬಣ್ಣ ಹಚ್ಚಿಕೊಳ್ಳುವ ಜಾಗ) ನೋಡಿದವರಿಗೆ ಇದರಲ್ಲಿ ಏನೂ ವಿಚಿತ್ರ ಕಾಣದು. ಬೆಳಗಿನ ಜಾವ ವೇಷ ಇರುವ ಕಲಾವಿದ ಅಲ್ಲೇ ಪೆಟ್ಟಿಗೆ ಪಕ್ಕ ಮಲಗಿರುತ್ತಾನೆ, ಹೊತ್ತಾದಾಗ ಎದ್ದು ಬಣ್ಣ ಹಚ್ಚುತ್ತಾನೆ. ಅವನನ್ನು ಯಾರೂ ಸೋಮಾರಿ ಅನ್ನಲ್ಲ. ರಂಗಸ್ಥಳದಲ್ಲಿ ತೂಕಡಿಸಬಾರದು ಅಂತಲೇ ಚೌಕಿಯಲ್ಲಿ ಮಲಗುವುದು.

ಕೋಡಿಬಾಗದ ಸಿಸ್ಟರ್, ಕಾರವಾರ

ಪಾಳಿ ನಡುವೆ ಮಲಗುವುದಾದರೆ ಇಪ್ಪತ್ತು ನಿಮಿಷ ಸಾಕು. ಜಾಸ್ತಿಯಾದರೆ ಎದ್ದ ಮೇಲೆ ತಲೆ ಭಾರ. ಎದ್ದ ಕೂಡಲೇ ದೊಡ್ಡ ಮೊತ್ತದ ಕ್ಲೇಮಿಗೆ ಕೈ ಹಾಕಿಸಬೇಡಿ, ಮುಖ ತೊಳೆದು ಸ್ವಲ್ಪ ಓಡಾಡಲಿ. ರಾತ್ರಿ ಪಾಳಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲೂ, ಮತ್ತೆ 2019ರಲ್ಲೂ 'ಬಹುಶಃ ಕ್ಯಾನ್ಸರ್ ತರಬಹುದಾದದ್ದು' ಅನ್ನುವ ಪಟ್ಟಿಯಲ್ಲಿ ಇಟ್ಟಿದೆ. ಹೆದರಿಸಲು ಹೇಳುತ್ತಿಲ್ಲ. ಒಂದು ಮಂಚ ದೊಡ್ಡ ಖರ್ಚಲ್ಲ ಅಂತ ಹೇಳುತ್ತಿದ್ದೇನೆ.

ನಾಲ್ಕು ಗಾಲಿ, ಅಂಕೋಲಾ

ನಾನು ಗಾಲಿಕುರ್ಚಿ ಬಳಸುವವಳು. ನಿಮ್ಮ ಕಂಪನಿಯವಳಲ್ಲ, ಇದೇ ಥರದ ಕೆಲಸ.

ಮಹಡಿಗೆ ಲಿಫ್ಟ್ ಹಾಕುತ್ತೀರಿ ಅಂತಿಟ್ಟುಕೊಳ್ಳೋಣ. ಜುಲೈ ರಾತ್ರಿ ಕರೆಂಟು ಹೋಯಿತು, ಜನರೇಟರ್ ಕೈ ಕೊಟ್ಟಿತು. ಉಳಿದವರು ಮೆಟ್ಟಿಲು ಇಳಿದರು. ನಾನು? ಹಿಂದಿನ ಒಂದು ಆಫೀಸಿನಲ್ಲಿ ಬೆಂಕಿ ಡ್ರಿಲ್ ದಿನ "ನೀವು ಇವತ್ತು ಬರುವುದು ಬೇಡ" ಅಂದಿದ್ದರು. ಡ್ರಿಲ್ ಚೆನ್ನಾಗಿ ಆಯಿತಂತೆ.

ಕೆಳಗೆ ಒಂದು ಮೇಜು ಹಾಕಿಕೊಡುತ್ತೇವೆ ಅನ್ನುವವರೂ ಇದ್ದಾರೆ. ಬೇಡ. ಎಲ್ಲರೂ ಮೇಲೆ ನಗುತ್ತಾ ಕೆಲಸ ಮಾಡುವಾಗ ನಾನೊಬ್ಬಳೇ ಬೈಕುಗಳ ಮಧ್ಯೆ ಕೂರುವುದಕ್ಕೆ ಆಫೀಸಿಗೆ ಯಾಕೆ ಬರಬೇಕು?

ಕಿವಿ ಕೇಳದ ನಿಮ್ಮ ಹುಡುಗನಿಗೂ ಒಂದು ಮಾತು. ಬೆಂಕಿ ಅಲಾರಾಂ ಬರೀ ಕಿರುಚಿದರೆ ಸಾಲದು, ಮಿನುಗುವ ದೀಪ ಬೇಕು. ಶೌಚಾಲಯದ ಒಳಗೂ, ಮಲಗುವ ಕೋಣೆಯಲ್ಲೂ. ಅವನ ಬೆನ್ನು ಬಾಗಿಲ ಕಡೆ ಬರದಂತೆ ಮೇಜು ತಿರುಗಿಸಿ.

ನಕ್ಷೆಯವ, ಕುಮಟಾ

ಈಗ ನನ್ನ ಸರದಿ. ಇದುವರೆಗೆ ಬಂದ ಎಲ್ಲಾ ಮಾತೂ ಒಂದೇ ಕಡೆ ಬೆರಳು ತೋರಿಸುತ್ತಿವೆ: ಪ್ಲಾನನ್ನು ತಲೆಕೆಳಗು ಮಾಡಿ.

ರಾತ್ರಿ 14 ಜನ ಮಾತ್ರ. ಅವರನ್ನು ಕೆಳಗೆ ಕೂರಿಸಿ. ಗೋದಾಮಿನಲ್ಲಿ 18 ಸೀಟಿನ ಒಂದು ಪೂರ್ತಿ ಹಾಲ್ ಮಾಡಿ. ಅದೇ ಮುಖ್ಯ ಆಫೀಸು. ಹಗಲು ಪಾಳಿಯ 18 ಜನವೂ ಅಲ್ಲೇ. ಸಂಜೆ ಜನ ಜಾಸ್ತಿಯಾದಾಗ ಮಾತ್ರ ಮಹಡಿ ತೆರೆಯಿರಿ. ಆಗ ನಾಲ್ಕು ಗಾಲಿಯವರು ಹೇಳಿದಂತೆ ಯಾರೂ ಒಂಟಿಯಾಗುವುದಿಲ್ಲ, ಯಾವ ಪಾಳಿಯಲ್ಲೂ ಕೆಳಗೆ ಜನ ಇರುತ್ತಾರೆ. ರಾತ್ರಿ ಎರಡೂವರೆ ಮೇಲೆ ಮಹಡಿಗೆ ಬೀಗ, ದೀಪ ಆಫ್, ಏಸಿ ಆಫ್. ಕಾವಲುಗಾರನಿಗೂ ಒಂದೇ ಮಹಡಿ ನೋಡಿದರೆ ಸಾಕು. ಲಿಫ್ಟಿನ ದುಡ್ಡು ಸದ್ಯಕ್ಕೆ ಉಳಿಯಿತು. ಆದರೆ ಊಟದ ಕೋಣೆ, ಕೂಸಿನ ಮನೆ, ಮೀಟಿಂಗ್ ಕೋಣೆ, ಇವು ಮೂರೂ ಕೆಳಗೇ ಇರಬೇಕು. ಮೇಲೆ ಬರೀ ಸೀಟು. ಎಲ್ಲರೂ ಸೇರುವ ಜಾಗ ಮಹಡಿಗೆ ಹೋಯಿತೋ, ಗಾಲಿಕುರ್ಚಿಯವರನ್ನು ಹೊರಗಿಟ್ಟಂತೆಯೇ.

ವಖಾರಿಯ ಜಗಲಿ ಸಾಮಾನ್ಯವಾಗಿ ಲಾರಿಗೆ ಮೂಟೆ ಹೇರುವ ಎತ್ತರಕ್ಕಿರುತ್ತದೆ. ಇಳಿಜಾರು ಕನಿಷ್ಠ 1ಕ್ಕೆ 12 ಬೇಕು. ಜಗಲಿ 45 ಸೆಂಟಿಮೀಟರ್ ಇದ್ದರೆ ಇಳಿಜಾರು 5.4 ಮೀಟರ್ ಉದ್ದ. 90 ಇದ್ದರೆ 10.8 ಮೀಟರ್, ಅಂದರೆ ನಡುವೆ ಸಮತಟ್ಟು ಬಿಟ್ಟು ತಿರುಗಿಸಬೇಕು. ಮೇಲೆ ಮಾಡು ಹಾಕಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಅದು ಜಾರುಬಂಡಿ. ಶೌಚಾಲಯದಲ್ಲಿ ಗಾಲಿಕುರ್ಚಿ ತಿರುಗಲು ಒಂದೂವರೆ ಮೀಟರ್ ವ್ಯಾಸದ ಖಾಲಿ ಜಾಗ, ಬಾಗಿಲು 90 ಸೆಂಟಿಮೀಟರ್, ಹೊರಕ್ಕೆ ತೆರೆಯಬೇಕು. ಈ ಒಂದು ಶೌಚಾಲಯಕ್ಕೆ ಗಂಡು ಹೆಣ್ಣು ಅಂತ ಬೋರ್ಡು ಬೇಡ, ಯಾರಿಗೆ ಬೇಕೋ ಅವರು ಬಳಸಲಿ.

ಒಂದು ಎಚ್ಚರಿಕೆ. ಕೆಳಗಿನ ಚಿರೆಕಲ್ಲಿನ ಗೋಡೆ ಮಳೆಗಾಲದಲ್ಲಿ ನೀರು ಹೀರುತ್ತದೆ. ಮೊಣಕಾಲೆತ್ತರಕ್ಕೆ ಒದ್ದೆ ಏರಿರುವ ಗುರುತು ಇದೆಯಾ ನೋಡಿ. ಇದ್ದರೆ ಮೊದಲು ಅದಕ್ಕೆ ಮದ್ದು, ಗೋಡೆ ಹಿಂದಿನ ಚರಂಡಿ ರಿಪೇರಿ, ಆಮೇಲೆ ಉಳಿದದ್ದು. ಕಾರ್ಪೆಟ್ ಕನಸಿನಲ್ಲೂ ಬೇಡ, ಆಗಸ್ಟಿಗೆ ಅಣಬೆ ಏಳುತ್ತದೆ. ಒರಟು ಟೈಲ್ಸ್ ಹಾಕಿ.

ಮತ್ತೆ, ಯಾವ ಬೆಂಗಳೂರಿನ ನಕ್ಷೆಯಲ್ಲೂ ಇಲ್ಲದ ಒಂದು ಕೋಣೆ ನಿಮಗೆ ಬೇಕು: ಒಣಗಿಸುವ ಕೋಣೆ. ರೇನ್‌ಕೋಟು, ಕೊಡೆ, ಒದ್ದೆ ಚಪ್ಪಲಿ, ಹೆಲ್ಮೆಟ್ಟು. ಒಂದು ಫ್ಯಾನು, ಒಂದು ಹೀಟರ್, ಗೋಡೆಗೆ ಗೂಟ. ನೆನೆದ ಪ್ಯಾಂಟಿನಲ್ಲಿ ಎಂಟು ತಾಸು ಏಸಿಯಲ್ಲಿ ಕೂರುವುದು ಶಿಕ್ಷೆ.

ಮಾವಿನಕುರ್ವೆ ಹುಡುಗ

ಊಟದ ಕೋಣೆಯಲ್ಲಿ ಮೈಕ್ರೋವೇವ್ ಎರಡು ಇಡಿ. ಒಂದೇ ಇಟ್ಟು, ಅದರಲ್ಲಿ ನಾನು ಬಂಗಡೆ ಸಾರು ಬಿಸಿ ಮಾಡಿ, ಆಮೇಲೆ ಹೆಗಡೇರು ತಮ್ಮ ಅನ್ನ ತಂಬುಳಿ ಡಬ್ಬಿ ಹಿಡಿದು ನಿಂತರೆ ಪಾಳಿ ಪೂರ್ತಿ ಮೌನ. ಅನುಭವದ ಮಾತು. ಫ್ರಿಜ್ಜೂ ಎರಡು.

ಭಟ್ಕಳದವ

ಒಂದು ಚಿಕ್ಕ ಶಾಂತ ಕೋಣೆ ಇದ್ದರೆ ನಮಾಜಿಗೂ ಆಯಿತು, ಜಪಕ್ಕೂ ಆಯಿತು, ತಲೆನೋವು ಬಂದವರಿಗೂ ಆಯಿತು. ಕಾಲು ತೊಳೆಯಲು ತಗ್ಗಿನ ನಲ್ಲಿ ಒಂದು ಇರಲಿ. ರಂಜಾನಿನಲ್ಲಿ ಸಹರಿ (ಉಪವಾಸಕ್ಕೆ ಮೊದಲಿನ ಊಟ) ಬೆಳಗಿನ ಜಾವ, ಆ ತಿಂಗಳು ಬ್ರೇಕ್ ಸಮಯ ಸ್ವಲ್ಪ ಸರಿಸಲು ಬಿಟ್ಟರೆ ಸಾಕು. ಬೇರೆ ಏನೂ ಬೇಡ.

ಪಾಳಿ ಮುಗಿಸಿದವ, ಕಾರವಾರ

ರಾತ್ರಿ ಎರಡಕ್ಕೆ ಪೂರಿ ಸಾಗು, ಬಿರಿಯಾನಿ ಬೇಡ. ಗಂಜಿ, ಉಪ್ಪಿನಕಾಯಿ, ಕಷಾಯ. ನಾಲ್ಕರ ಮೇಲೆ ಕಾಫಿ ಕೊಟ್ಟರೆ ಮನೆಗೆ ಹೋಗಿ ನಿದ್ದೆ ಬರಲ್ಲ.

ಘಟ್ಟದ ಮೇಲಿನವ

ಸರಿ, ಮನೆಯಿಂದ ಕೆಲಸದ ಮಾತು ಬಿಟ್ಟೆ. ಆದರೆ ಜಾತ್ರೆ? ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. ವಖಾರಿ ಜಾತ್ರೆ ನಡೆಯುವ ಬಿಡ್ಕಿಬೈಲು ಹತ್ತಿರ ಇದ್ದರೆ ಆ ದಿನಗಳಲ್ಲಿ ಕ್ಯಾಬ್ ಒಳಗೆ ಬರಲ್ಲ, ಹಗಲು ರಾತ್ರಿ ಮೈಕು. ಅರ್ಧ ಜನ ರಜೆ ಕೇಳುತ್ತಾರೆ, ಉಳಿದರ್ಧ ಕೇಳದೇ ಹೋಗುತ್ತಾರೆ.

ವಖಾರಿ ಮಹಡಿ, ಶಿರಸಿ

ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ನಿನ್ನೆ ನಕ್ಷೆಯವರ ಮಾತು ಓದಿ ಟೇಪು ಹಿಡಿದು ವಖಾರಿಗೆ ಹೋದೆ. ಜಗಲಿ 60 ಸೆಂಟಿಮೀಟರ್. ಅಂದರೆ ಇಳಿಜಾರು 7.2 ಮೀಟರ್. ಮುಂದಿನ ಅಂಗಳದಲ್ಲಿ ಹಿಡಿಸುತ್ತದೆ, ಆದರೆ ನಾಲ್ಕು ಕಾರು ನಿಲ್ಲುವ ಜಾಗ ಹೋಗುತ್ತದೆ. ಹೋಗಲಿ. ಕಾರು ಇರುವುದು ನನಗೆ ಮತ್ತು ಪಾಲುದಾರರಿಗೆ.

ಹಿಂದಿನ ಗೋಡೆಯಲ್ಲಿ ಒದ್ದೆ ಗುರುತು ಇದೆ, ಮೊಣಕಾಲಿಗಿಂತ ಸ್ವಲ್ಪ ಮೇಲೇ. ಮಾಲೀಕರು "ಅದು ಹಳೇದು" ಅಂದರು. ಕೈ ಇಟ್ಟು ನೋಡಿದೆ, ತಣ್ಣಗಿತ್ತು. ಚರಂಡಿ ಖರ್ಚು ಅವರದ್ದು ಅಂತ ಬಾಡಿಗೆ ಪತ್ರದಲ್ಲೇ ಬರೆಸುತ್ತೇನೆ.

ರಾತ್ರಿ ಹಾಲ್ ಕೆಳಗೆ, ಇದು ಖಚಿತ. ಮಲಗುವ ಎರಡು ಕೋಣೆ ಮಹಡಿಯ ಹಿಂಬದಿಗೆ ಅಂದುಕೊಂಡೆ, ಆದರೆ ಗಾಲಿಕುರ್ಚಿಯವರಿಗೂ ಮಲಗಲು ಜಾಗ ಬೇಕಲ್ಲ. ಹಾಗಾಗಿ ಹೆಂಗಸರ ಕೋಣೆ ಕೆಳಗೆ, ಗಂಡಸರದ್ದು ಮೇಲೆ, ಅದಕ್ಕೆ ಹೊರಗಿನ ಮೆಟ್ಟಿಲು. ಜನರೇಟರ್ ಅಂಗಳದ ಮೂಲೆಗೆ ಹೋಗುತ್ತದೆ, ಮಲಗಿದವರ ತಲೆ ಕೆಳಗೆ ಅಲ್ಲ. ಕುಮಟಾದ ಆರು ಸೀಟಿಗೆ ಪಾಲುದಾರರು ಇನ್ನೂ ಒಪ್ಪಿಲ್ಲ. ಮಳೆಗಾಲ ಹತ್ತಿರ ಬಂದರೆ ಒಪ್ಪುತ್ತಾರೆ. ಜಾತ್ರೆಗೆ ಮೊದಲೇ ಕ್ಲೈಂಟಿಗೆ ತಿಳಿಸಿ ಅರ್ಧ ಕೆಲಸ ಹುಬ್ಬಳ್ಳಿಯಿಂದ ಮಾಡಿಸಬೇಕು.

ಕೂಸಿನ ಮನೆಯದ್ದೇ ತಲೆಬಿಸಿ. ಹಗಲು ಸರಿ. ಸಂಜೆ ಪಾಳಿಯ ತಾಯಂದಿರ ಮಕ್ಕಳನ್ನು ರಾತ್ರಿ ಎರಡೂವರೆವರೆಗೆ ನೋಡಿಕೊಳ್ಳುವವರು ಎಲ್ಲಿ ಸಿಗುತ್ತಾರೆ?

ಎರಡು ಮಕ್ಕಳ ತಾಯಿ, ಯಲ್ಲಾಪುರ

ಸರ್, ಮೊದಲು ಆ ಆರೇಳು ಜನರನ್ನೇ ಕೇಳಿ. ರಾತ್ರಿ ಮಗುವನ್ನು ಆಫೀಸಿಗೆ ತರಲು ಇಷ್ಟಪಡುವವರು ಒಬ್ಬಿಬ್ಬರು ಇರಬಹುದು. ಉಳಿದವರಿಗೆ ಮಗು ಎರಡು ವರ್ಷ ಆಗುವವರೆಗೆ ಹಗಲು ಪಾಳಿ ಕೊಟ್ಟರೆ ಸಮಸ್ಯೆಯೇ ಇಲ್ಲ. ಆದರೆ ರಾತ್ರಿ ಭತ್ಯೆ ಕಳೆದುಕೊಳ್ಳುತ್ತಾರಲ್ಲ, ಅದಕ್ಕೊಂದು ದಾರಿ ಮಾಡಿ. ರಾತ್ರಿ ಪಾಳಿಗೆ ಹಾಕುವಾಗ ಪ್ರತಿಯೊಬ್ಬಳ ಒಪ್ಪಿಗೆ ಬರಹದಲ್ಲಿ ತಗೊಳ್ಳಿ. ಒಮ್ಮೆ ಒಪ್ಪಿದವಳು ಆಮೇಲೆ ಬೇಡ ಅಂದರೆ ಅದಕ್ಕೂ ಬೆಲೆ ಇರಲಿ. ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಹತ್ತು ಜನ ಇದ್ದರೂ ಬೇಕೇ ಬೇಕು. ಅದರ ಸದಸ್ಯರೆಲ್ಲ ಹಗಲಿನವರೇ ಆಗದಂತೆ ನೋಡಿಕೊಳ್ಳಿ.

ನಾಲ್ಕು ಗಾಲಿ, ಅಂಕೋಲಾ

ಇಳಿಜಾರಿನ ಎರಡೂ ಕಡೆ ಕೈಹಿಡಿ ಹಾಕಿಸಿ, ಕೊನೆಯಲ್ಲಿ ಬೈಕ್ ನಿಲ್ಲಿಸದಂತೆ ಏನಾದರೂ ಅಡ್ಡ ಇಡಿ. ಎಲ್ಲಾ ಕಡೆ ಅಲ್ಲೇ ನಿಲ್ಲಿಸುತ್ತಾರೆ. ಮತ್ತೆ, ನಿಮ್ಮಲ್ಲಿ ಕೆಲಸ ಖಾಲಿ ಇದೆಯಾ?

ವಖಾರಿ ಮಹಡಿ, ಶಿರಸಿ

ಸಂಜೆ ಪಾಳಿಯಲ್ಲಿ ಎರಡು ಇದೆ. ಮೆಸೇಜ್ ಮಾಡಿ ಮೇಡಂ.

ರಾತ್ರಿ ಕ್ಯಾಬ್, ಕುಮಟಾ

ಅಂಕೋಲಾದವರು ಅಂದರೆ ಕುಮಟಾದ ಆ ಆರು ಸೀಟು ಬೇಗ ಮಾಡಿ ಸರ್. ಕೋಣೆ ನಾನೇ ನೋಡಿಕೊಡುತ್ತೇನೆ, ಸ್ಟೇಷನ್ ರಸ್ತೆಯಲ್ಲಿ ನೆಲಮಟ್ಟದ್ದೇ ಒಂದು ಖಾಲಿ ಇದೆ.